ಮುಯ್ಯಾಳು ನಿದ್ದೆ

ನಿದ್ದೆಗೂ ಗಿರಾಕಿಗಳಿದ್ದಾರೆ ಎಂಬುದು ತೊರೆಹುಂಡಿಯ ಹೆಂಗಸರಿಗೆ ಗೊತ್ತಾದದ್ದು ಊರಿಗೆ ಒಂದು ಬಿಳಿ ವ್ಯಾನು ಬಂದ ಮೇಲೆ. ಅಲ್ಲಿಯವರೆಗೆ ಅವರು ನಿದ್ದೆಯನ್ನು ಒಂದು ವಸ್ತು ಅಂತ ಎಣಿಸಿದವರೇ ಅಲ್ಲ. ಬೆಳಗಿನಿಂದ ಕೆಸರಿನಲ್ಲಿ ಬಗ್ಗಿ ಪೈರು ನೆಟ್ಟು, ಮನೆಗೆ ಬಂದು ಉಂಡು ಚಾಪೆಗೆ ಬೆನ್ನು ತಾಗಿಸಿದರೆ ಅದು ತಾನಾಗಿ ಬರುತ್ತಿತ್ತು. ಅದನ್ನೂ ಕೊಳ್ಳುವವರು ಇದ್ದಾರೆ ಅಂದರೆ ನಗದೆ ಇನ್ನೇನು ಮಾಡುವುದು.

“ಮಲಗಕ್ಕೆ ಕೂಲಿ ಕೊಡ್ತಾರಂತೆ ಕನಕ್ಕ,” ಎಂದು ಜಯಶೀಲ ಓಡಿಬಂದು ಹೇಳಿದಾಗ ಚಿಕ್ಕತಾಯಮ್ಮ ಒಲೆಯ ಮುಂದಿಂದ ಏಳಲೂ ಇಲ್ಲ.

“ಯಾರ ಪಕ್ಕ ಅಂತ ಕೇಳ್ದಾ?” ಎಂದಳು.

“ಥೂ, ನಿನ್ನ ಬಾಯಿಗೆ. ಒಬ್ಬಳೇ ಮಲಗಾದು. ತಲೆಗೊಂದು ಪಟ್ಟಿ ಕಟ್ತಾರಂತೆ. ಗದ್ದೆ ಕೆಲಸ ಮುಗಿಸ್ಕಂಡು ಮಧ್ಯಾಹ್ನ ಹೋದ್ರೆ ಹೊತ್ತು ಮುಳುಗೊ ಹೊತ್ಗೆ ವಾಪಸ್ ಬುಟ್ಬುಡ್ತಾರೆ.”

ಇಬ್ಬರೂ ಓರಗಿತ್ತಿಯರು. ಚಿಕ್ಕತಾಯಮ್ಮ ದೊಡ್ಡವಳು, ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲದವಳು. ಮೈದುನ ಬಸವರಾಜುವಿಗೆ ಜಯಶೀಲಳನ್ನು ತಂದ ಮೇಲೆ ಆ ಮನೆಯಲ್ಲಿ ಮತ್ತೆ ಸದ್ದು ಹುಟ್ಟಿತ್ತು. ಜಯಶೀಲಳ ಬಾಯಿ ಊರಿಗೆಲ್ಲ ಗೊತ್ತಿದ್ದದ್ದು. ನಲ್ಲಿಯ ಹತ್ತಿರ ಅವಳ ಸರದಿಗೆ ಯಾರಾದರೂ ಬಿಂದಿಗೆ ತೂರಿಸಿದರೆ ಆ ಬಿಂದಿಗೆಯ ಏಳು ತಲೆಮಾರು ನೀರಿಲ್ಲದೆ ಒಣಗಬೇಕು ಅನ್ನುವಂತೆ ಬೈಯುತ್ತಿದ್ದಳು. ಬೈದು ಬಂದು ಮಲಗಿದರೆ ಕಲ್ಲು. ಒಮ್ಮೆ ಬದುವಿನ ಮೇಲೆ ಮಲಗಿದ್ದವಳ ಕಾಲಿನ ಮೇಲೆ ಏಡಿ ಹತ್ತಿ ಇಳಿದುಹೋದರೂ ಎಚ್ಚರವಾಗಿರಲಿಲ್ಲ. ಚಿಕ್ಕತಾಯಮ್ಮನಿಗೆ ಅದೊಂದು ಹೆಮ್ಮೆ, ತನ್ನ ಮನೆಗೆ ಬಂದ ಮೇಲೆಯೇ ಆ ಹುಡುಗಿ ಹಾಗೆ ಮಲಗಲು ಕಲಿತದ್ದು ಎಂಬಂತೆ.

ವ್ಯಾನು ಕಳಿಸಿದ್ದು ಹೆದ್ದಾರಿಯ ಪಕ್ಕದ ಸುಖಸುಪ್ತಿ ಕೇಂದ್ರ. ಊರವರ ಬಾಯಲ್ಲಿ ಅದು ನಿದ್ದೆಮನೆ. ಆ ವರ್ಷಗಳಲ್ಲಿ ಪಟ್ಟಣಗಳಿಗೆ ಪಟ್ಟಣಗಳೇ ನಿದ್ದೆಗೆಟ್ಟಿದ್ದವು. ಮನಸ್ಸು ಕುಗ್ಗಿದವರಿಗೆ ನಿದ್ದೆ ಇಲ್ಲ, ನಿದ್ದೆ ಇಲ್ಲದ್ದಕ್ಕೆ ಮನಸ್ಸು ಇನ್ನಷ್ಟು ಕುಗ್ಗುವುದು, ಮಾತ್ರೆಗಳು ಮೊದಲು ಕೇಳಿದವು, ಆಮೇಲೆ ಕೇಳದಾದವು. ಆಗ ಡಾಕ್ಟರ್ ಇಂದುಶೇಖರ ಎಂಬುವರು ಈ ತಲೆಪಟ್ಟಿಯನ್ನು ಕಂಡುಹಿಡಿದರು. ರೋಗಿಗೆ ಔಷಧಿ ಕೊಡುವ ಬದಲು, ಚೆನ್ನಾಗಿ ಮಲಗುವವರ ಮಿದುಳಿನ ನಡೆಯನ್ನು ಹಿಡಿದು ರೋಗಿಯ ಮಿದುಳಿಗೆ ಕಲಿಸುವುದು. ಅದಕ್ಕೆ ಚೆನ್ನಾಗಿ ಮಲಗುವವರು ಬೇಕು. ಪಟ್ಟಣದಲ್ಲಿ ಹುಡುಕಿದರೆ ಸಿಗಲಿಲ್ಲ. ತೊರೆಹುಂಡಿಯ ಗದ್ದೆಗಳಲ್ಲಿ ಸಿಕ್ಕಿದರು.

ಮೊದಲ ದಿನ ಹದಿನಾರು ಹೆಂಗಸರು ಹೋದರು. ನಲವತ್ತೈದು ದಾಟಿದವರು ಬೇಡ ಅಂತ ಚಿಕ್ಕತಾಯಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದರು. ಆದರೂ ಅವಳು ಜಯಶೀಲಳ ಜೊತೆಗೆ ಅಂತ ಒಳಗೆ ಬಂದು ಎಲ್ಲವನ್ನೂ ನೋಡಿದಳು. ಹಗಲಿಗೇ ಕತ್ತಲು ಮಾಡಿದ ಸಣ್ಣ ಸಣ್ಣ ಕೋಣೆಗಳು, ಒಂದೊಂದರಲ್ಲಿ ಒಂದು ಮಂಚ. ಅವುಗಳ ಮುಂದೆ ಗಾಜಿನ ಗೋಡೆ. ಗಾಜಿನ ಈಚೆ ಪರದೆಗಳ ಮುಂದೆ ಕೂತವಳು ರೋಹಿಣಿ, ನಂಜನಗೂಡಿನ ಕಡೆಯ ಹುಡುಗಿ. ಪಟ್ಟಿ ಕಟ್ಟುವುದು, ಬಿಚ್ಚುವುದು, ಪರದೆ ನೋಡುವುದು ಅವಳ ಕೆಲಸ. ಅವಳೇ ವಿವರಿಸಿ ಹೇಳಿದಳು.

“ಮಿದುಳಿನೊಳಗೆ ಬೇರೆಬೇರೆ ಜಾಗಗಳು ಒಂದಕ್ಕೊಂದು ಮಾತಾಡ್ತಾ ಇರ್ತವೆ. ಮನಸ್ಸು ಕುಗ್ಗಿ ನಿದ್ದೆಗೆಟ್ಟವರಲ್ಲಿ ಎರಡು ಜಾಗ ಬಿಡದೆ ಮಾತಾಡ್ತವೆ. ಒಂದು ನೋವನ್ನ ಮೆಲುಕು ಹಾಕೋ ಜಾಗ, ಇನ್ನೊಂದು ಕಾವಲು ಕಾಯೋ ಜಾಗ. ನಿಮಗೆ ಜೊಂಪು ಹತ್ತುತ್ತಿದ್ದ ಹಾಗೆ ಆ ಮಾತು ನಿಂತುಹೋಗುತ್ತೆ. ಯಾವ ದಾರಿ ಮೊದಲು ಮುಚ್ಚುತ್ತೆ, ಯಾವುದು ಆಮೇಲೆ, ಅದನ್ನ ಈ ಪಟ್ಟಿ ಕಲಿತುಕೊಂಡು ಅವರ ತಲೆಗೆ ಪಾಠ ಹೇಳುತ್ತೆ.”

“ನಮ್ ನಿದ್ದೆ ಕಮ್ಮಿಯಾಯ್ತದಾ ಮೇಡಂ?” ಎಂದು ಜಯಶೀಲ ಕೇಳಿದಳು.

“ಇಲ್ಲಮ್ಮ. ನೀವು ಹಾಡಿದ್ದನ್ನ ನಾನು ಕೇಳಿ ಕಲಿತರೆ ನಿಮ್ಮ ಗಂಟಲಿಂದ ಹಾಡು ಹೋಗಿಬಿಡುತ್ತಾ?”

ಎಲ್ಲರಿಗೂ ಸರಿ ಅನ್ನಿಸಿತು. ರೋಹಿಣಿಗೂ ಅದು ನಿಜವೇ ಅನ್ನಿಸಿತ್ತು. ಕಾನೂನನ್ನೂ ಅವಳು ಓದಿ ಹೇಳಿದಳು. ಹಿಂದೆ ಎಲ್ಲೋ ಜನರ ಮಿದುಳಿನ ದಾಖಲೆಗಳನ್ನು ಕದ್ದು ಮಾರಿದ ರಾದ್ಧಾಂತ ಆದ ಮೇಲೆ ಸರ್ಕಾರ ಒಂದು ಕಟ್ಟಳೆ ಮಾಡಿತ್ತು. ಕೊಟ್ಟವರು ಯಾವಾಗ ಬೇಕಾದರೂ ಪಟ್ಟಿ ಕಟ್ಟಿಕೊಂಡು ಬೇಡ ಎಂದರೆ ಯಂತ್ರ ಅವರ ಗುರುತು ಹಿಡಿದು ದಾಖಲೆಯನ್ನು ಅಳಿಸಿಹಾಕಬೇಕು, ಡಾಕ್ಟರು ಸಹ ತಡೆಯುವಂತಿಲ್ಲ. ಹೆಂಗಸರು ಅದನ್ನು ಕಿವಿಯ ಮೇಲೆ ಹಾಕಿಕೊಂಡರು ಅಷ್ಟೆ. ಮಲಗಿದ್ದನ್ನು ಅಳಿಸುವುದು ಅಂದರೇನು ಅಂತ ಯಾರಿಗೂ ಅರ್ಥವಾಗಲಿಲ್ಲ.

ಅಂದು ಅವಳು ಹೇಳದೆ ಬಿಟ್ಟ ಮಾತು ಒಂದಿತ್ತು. ಪಟ್ಟಿಗೆ ನಿದ್ದೆ ಬೇಕಾಗಿರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಜೊಂಪು, ಎಚ್ಚರ ನಿದ್ದೆಗೆ ಜಾರುವ ಆ ಅಂಚು. ಒಮ್ಮೆ ಜಾರಿದರೆ ಅಂದಿನ ಅಂಚು ಮುಗಿಯಿತು. ಯಂತ್ರ ಸರಿಯಾಗಿ ಕಲಿಯಬೇಕಾದರೆ ಅದೇ ಅಂಚನ್ನು ಮತ್ತೆ ಮತ್ತೆ ಕೇಳಬೇಕು. ಅದಕ್ಕಾಗಿ ಜೊಂಪು ಹತ್ತಿದ ತಕ್ಷಣ ಕಿವಿಯ ಹತ್ತಿರ ಒಂದು ಗಂಟೆ ಟಣ್ ಅನ್ನುತ್ತಿತ್ತು. ಮಲಗಿದ್ದವಳು ಬೆಚ್ಚಿ ಕಣ್ಣು ಬಿಡುತ್ತಿದ್ದಳು. ಮತ್ತೆ ಮಲಗು. ಮತ್ತೆ ಟಣ್. ಕರುವನ್ನು ಕೆಚ್ಚಲಿಗೆ ಬಿಟ್ಟು, ಹಾಲು ಇಳಿಯುತ್ತಿದ್ದಂತೆ ಎಳೆದು ಕಟ್ಟುವುದಿಲ್ಲವೇ, ಹಾಗೆ. ಕರುವಿಗಾದರೂ ಕೊನೆಗೆ ಒಂದು ಮೊಲೆ ಬಿಡುತ್ತಾರೆ.

ಹೀಗೆ ಸಂಗ್ರಹಿಸಿದ ಜೊಂಪು ಪಟ್ಟಣದಲ್ಲಿ ‘ಗದ್ದೆಬಯಲು’ ಎಂಬ ಹೆಸರಿನಿಂದ ಮಾರಾಟವಾಯಿತು. ಬಸ್ ನಿಲ್ದಾಣದ ಗೋಡೆಗಳ ಮೇಲೆಲ್ಲ ಜಾಹೀರಾತು, ಹಸಿರು ಪೈರು, ಬಿಳಿ ಕೊಕ್ಕರೆ, ಅಪ್ಪಟ ಹಳ್ಳಿಯ ನಿದ್ದೆ ನಿಮ್ಮ ಮನೆಗೆ. ಗದ್ದೆಬಯಲು ಎಂಬುದು ಜಯಶೀಲಳೇ. ಹದಿನಾರು ಮಂದಿಯಲ್ಲಿ ಅವಳ ಜೊಂಪೇ ಎಲ್ಲಕ್ಕಿಂತ ಚೊಕ್ಕ ಎಂದು ಡಾಕ್ಟರು ಆರಿಸಿಕೊಂಡಿದ್ದರು. ಚಿತ್ರದಲ್ಲಿ ಕೊಕ್ಕರೆಗೂ ಜಾಗವಿತ್ತು, ಅವಳಿಗೆ ಇರಲಿಲ್ಲ.

ಇನ್ನು ಮುಯ್ಯಾಳಿನ ವಿಷಯ. ತೊರೆಹುಂಡಿಯಲ್ಲಿ ಹೆಂಗಸರು ಕೆಲಸಕ್ಕೆ ತಪ್ಪಿಸಿಕೊಳ್ಳುವುದು ಎಂಬುದಿಲ್ಲ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಸಾಲಿನಲ್ಲಿ ನಿಂತು ನಾಟಿ ಮಾಡುತ್ತಾಳೆ, ಇವಳಿಗೆ ಕಷ್ಟ ಬಂದ ದಿನ ಅವಳು ಬಂದು ತೀರಿಸುತ್ತಾಳೆ. ಕೇಳುವವರಿಲ್ಲ, ಹೇಳುವವರಿಲ್ಲ, ಸಾಲು ತುಂಬಿದ್ದರೆ ಸಾಕು. ನಿದ್ದೆಮನೆಗೂ ಅದೇ ಪದ್ಧತಿ ಹೊಕ್ಕಿತು. ತಮ್ಮನ ಮದುವೆಗೆ ಜಯಶೀಲ ತವರಿಗೆ ಹೋದಾಗ ಅವಳ ಮಂಚದ ಮೇಲೆ ಚಿಕ್ಕತಾಯಮ್ಮ ಮಲಗಿ ಬಂದಳು. ಕೇಂದ್ರದವರು ಕೊಡುವ ಹಸಿರು ನಿಲುವಂಗಿ ತೊಟ್ಟು, ತಲೆಗೆ ಪಟ್ಟಿ ಕಟ್ಟಿ ಸಾಲಾಗಿ ನಿಂತರೆ ಅವರ ಕಣ್ಣಿಗೆ ಹದಿನಾರು ಮಂದಿಯೂ ಒಂದೇ. ಯಾರೂ ಮುಖ ನೋಡಲಿಲ್ಲ. ಪರದೆಯ ಮೇಲಿನ ಗೆರೆ ಸ್ವಲ್ಪ ಬೇರೆ ಬಂದಾಗ, ದಿನಕ್ಕೊಂದು ತರ ಇರುತ್ತದೆ ಬಿಡು ಅಂತ ಯಂತ್ರ ಎರಡನ್ನೂ ಕಲಸಿ ಸರಾಸರಿ ಮಾಡಿಕೊಂಡಿತು. ಮೋಸ ಎಂಬ ಮಾತು ಇವರ ಮನಸ್ಸಿಗೆ ಬರಲೇ ಇಲ್ಲ. ಸಾಲು ತುಂಬಿತ್ತಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಜಯಶೀಲ ಬದಲಾಗಿದ್ದಳು.

ಮೊದಲು ನಿದ್ದೆ ಹೋಯಿತು. ಚಾಪೆಯ ಮೇಲೆ ಬಿದ್ದು ಕಣ್ಣು ಮುಚ್ಚಿದರೆ ಜೊಂಪು ಹತ್ತುವ ಹೊತ್ತಿಗೆ ಸರಿಯಾಗಿ ಮೈಯೆಲ್ಲ ಬೆಚ್ಚಿ ಎದ್ದು ಕೂರುತ್ತಿದ್ದಳು. ಅಲ್ಲಿ ಗಂಟೆ ಇರಲಿಲ್ಲ. ಗಂಟೆ ಒಳಕ್ಕೇ ಹೋಗಿ ಕೂತಿತ್ತು. ಆಮೇಲೆ ಹಸಿವು ಹೋಯಿತು. ಆಮೇಲೆ ಬಾಯಿ ಹೋಯಿತು. ಒಂದು ಬೆಳಿಗ್ಗೆ ಒಣಹಾಕಿದ್ದ ಹುರುಳಿಗೆ ಪಕ್ಕದ ಮನೆಯ ಮೇಕೆಗಳು ಬಾಯಿ ಹಾಕಿದ್ದನ್ನು ಜಯಶೀಲ ಜಗುಲಿಯ ಮೇಲೆ ಕೂತು ನೋಡುತ್ತಲೇ ಇದ್ದಳು. ಓಡಿಸಲಿಲ್ಲ, ಬೈಯಲಿಲ್ಲ. ಚಿಕ್ಕತಾಯಮ್ಮ ಕೋಲು ಹಿಡಿದು ಓಡಿಬಂದು ಮೇಕೆಗಳನ್ನು ಅಟ್ಟಿ, ತಿರುಗಿ ಅವಳ ಮುಖ ನೋಡಿದಳು.

“ಏನ್ ಮಗ, ಕಂಡೂ ಕೂತಿದ್ದೀಯಲ್ಲ?”

“ತಿನ್ಲಿ ಬುಡಕ್ಕ. ಹಸ್ದಿರ್ತವೆ.”

ಬಸವರಾಜು ಟ್ರ್ಯಾಕ್ಟರ್ ಓಡಿಸಿ ದಣಿದು ಬರುವವನು. ಮೊದಮೊದಲು, “ಎಲ್ಲ ಹೆಂಗಸ್ರೂ ಅದೇ ಮಂಚದ ಮೇಲೆ ಮಲಗಿ ಬತ್ತಾರೆ, ನಿನಗೊಬ್ಬಳಿಗೆ ಏನ್ ಬಂತು,” ಎಂದು ರೇಗಿದ. ಆಮೇಲೆ ಅವನಿಗೂ ಹೆದರಿಕೆಯಾಗಿ ಪಟ್ಟಣದಿಂದ ಮಾತ್ರೆ ತಂದ. ಮಾತ್ರೆ ಕಣ್ಣು ಮುಚ್ಚಿಸುತ್ತಿತ್ತು, ಬೆಚ್ಚುವುದನ್ನು ನಿಲ್ಲಿಸುತ್ತಿರಲಿಲ್ಲ. ಮೇಗಲಕೇರಿಯ ಇನ್ನಿಬ್ಬರಿಗೂ ಹೀಗೇ ಶುರುವಾಗಿದೆ ಅಂತ ನಲ್ಲಿಯ ಹತ್ತಿರ ಪಿಸುಮಾತು ಓಡಾಡಿತು. ಜಯಶೀಲಳಿಗೆ ಆಗದ ದಿನಗಳಲ್ಲಿ ಚಿಕ್ಕತಾಯಮ್ಮನೇ ಅವಳ ಮಂಚಕ್ಕೆ ಹೋಗುತ್ತಿದ್ದಳು. ಕೊನೆಕೊನೆಗೆ ಅವಳೇ ಹೆಚ್ಚು ಹೋದಳು, ಗಂಟೆ ಅವಳ ಒಳಕ್ಕೆ ಇನ್ನೂ ಇಳಿದಿರಲಿಲ್ಲ. ವರ್ಷದ ಕೊನೆಯ ತಪಾಸಣೆಯ ದಿನವೂ ಜಯಶೀಲ ಏಳಲಾರದೆ ಇದ್ದದ್ದರಿಂದ, ತಪಾಸಣೆ ಯಾವುದು ಮಲಗುವುದು ಯಾವುದು ಎಂಬುದು ತಿಳಿಯದೆ, ಚಿಕ್ಕತಾಯಮ್ಮನೇ ತಲೆ ಕೊಟ್ಟು ಬಂದಿದ್ದಳು.

ಅದು ಮುಂದೆ ಉರುಳಾಯಿತು.

ಚಿಕ್ಕತಾಯಮ್ಮ ಜಯಶೀಲಳ ಕೈ ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋದಳು. ಇಂದುಶೇಖರ ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ಎದ್ದು ನಿಂತು ಕೈಮುಗಿದರು, ಕೂರಿಸಿದರು, ನೀರು ತರಿಸಿದರು. ಹದವಾಗಿ ಮಲಗಿ ಎದ್ದವರ ಮುಖ, ಕಣ್ಣಿನ ಕೆಳಗೆ ಒಂದು ನೆರಳಿಲ್ಲ.

“ಸಾಮಿ, ಇವಳು ಇಲ್ಲಿಗೆ ಬಂದು ಬಂದು ನಿದ್ದೆಗೆಟ್ಟವಳೆ. ಇವಳು ಮೊದಲು ಕೊಟ್ಟ ನಿದ್ದೆ ನಿಮ್ಮತ್ರ ಅದಲ್ಲ, ಅದನ್ನೇ ಇವಳ ತಲೆಗೆ ಹೇಳ್ಕೊಟ್ಬುಡಿ. ಬೇರೆ ಏನೂ ಬ್ಯಾಡ ನಮಗೆ.”

ಡಾಕ್ಟರು ತಾಳ್ಮೆಯಿಂದ ಕೇಳಿದರು. ಪರದೆಯ ಮೇಲೆ ಒಂದು ಚಿತ್ರ ತೆರೆದರು. ಮಿದುಳಿನ ಆಕಾರ, ಅದರೊಳಗೆ ನೀಲಿ ಗೆರೆಗಳು.

“ನೋಡಮ್ಮ, ಇದು ಹೋದ ತಿಂಗಳು ತಪಾಸಣೆಯಲ್ಲಿ ತೆಗೆದ ಜಯಶೀಲ ಅವರ ಮಿದುಳು. ನಿದ್ದೆ ಕೆಟ್ಟವರಲ್ಲಿ ಈ ಎರಡು ಜಾಗದ ನಡುವೆ ಕೆಂಪು ಗೆರೆ ದಪ್ಪಗಿರುತ್ತೆ. ಇಲ್ಲಿ ಇಲ್ಲವೇ ಇಲ್ಲ. ಇಷ್ಟು ಆರೋಗ್ಯದ ಮಿದುಳು ನನಗೂ ಇಲ್ಲ. ಮನೆಯಲ್ಲಿ ಏನಾದರೂ ತಾಪತ್ರಯ ಇರಬಹುದು. ಗಂಡ ಹೊಡೀತಾನಾ?”

ಜಯಶೀಲ ನೆಲ ನೋಡುತ್ತಿದ್ದಳು. ಆ ನೀಲಿ ಗೆರೆಗಳು ತನ್ನವು ಎಂದು ಚಿಕ್ಕತಾಯಮ್ಮನಿಗೆ ಗೊತ್ತಾಯಿತು. ಹೇಳಿದರೆ ಹದಿನಾರು ಮನೆಯ ಕೆಲಸ ಹೋಗುತ್ತದೆ. ಹೇಳದಿದ್ದರೆ ಈ ಹುಡುಗಿ ನಾಟಕದವಳಾಗುತ್ತಾಳೆ. ಅಂದು ಹೇಳದೆ ಎದ್ದು ಬಂದಳು.

ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಅವಳು ಬಾಯಿ ಬಿಟ್ಟದ್ದೇ ತಡ, ಕೆಂಪದೇವಿ ಬಿಂದಿಗೆಯನ್ನು ದಡಕ್ಕನೆ ಕೆಳಗಿಟ್ಟಳು. ವ್ಯಾನಿಗೆ ಹೆಂಗಸರನ್ನು ಕೂಡಿಸಿ ಕಳಿಸುವವಳು ಅವಳೇ.

“ನಿಮ್ಮ ಮನೇಲಿ ಒಬ್ಬಳು ಮಲಗ್ನಿಲ್ಲ ಅಂತ ಊರಿನ ಒಲೆಗೆಲ್ಲ ನೀರು ಹುಯ್ತೀಯಾ ಚಿಕ್ಕತಾಯಿ? ಬದ್ಲಿ ಹೋದದ್ದು ಗೊತ್ತಾದ್ರೆ ಎಲ್ರನ್ನೂ ಹೊರಗಾಕ್ತಾರೆ. ನಾನೂ ಹೋಗಿವ್ನಿ, ನಿಂಗಿನೂ ಹೋಗವ್ಳೆ.”

“ಮೇಗಲಕೇರಿಯವರು ಇಬ್ರು ಬೆಚ್ತಾವ್ರೆ ಅಂತ ನೀನೇ ಹೇಳ್ದಲ್ಲ ಕೆಂಪಿ.”

“ಹೇಳ್ದೆ. ಅದಕ್ಕೆ? ಸೊಂಟ ಬಿದ್ದೋಯ್ತದೆ ಅಂತ ನಾಟಿ ಬುಟ್ಟಿದ್ದೀವಾ?”

“ಬರೋ ಸೋಮವಾರದಿಂದ ನಿನ್ ಮಗಳ್ನೂ ಸೇರ್ಸ್ತಾ ಇದ್ದೀಯಂತೆ.”

ಬಿಂದಿಗೆ ತುಂಬಿ ಚೆಲ್ಲುತ್ತಿದ್ದರೂ ಕೆಂಪದೇವಿ ನಲ್ಲಿ ನಿಲ್ಲಿಸದೆ ನಿಂತಿದ್ದಳು. ಕೊನೆಗೆ, “ಹೇಳಾದಾದ್ರೆ ನಿಮ್ಮಿಬ್ಬರ ಬದ್ಲಿ ಮಾತ್ರ ಹೇಳು. ನಮ್ದು ಎತ್ತಬ್ಯಾಡ,” ಎಂದು ಹೋದಳು.

ಎರಡನೆಯ ಸಲ ಜಯಶೀಲಳ ಜೊತೆ ಡಾಕ್ಟರ ಹತ್ತಿರ ಹೋದಾಗ ಚಿಕ್ಕತಾಯಮ್ಮ ಕೂರಲಿಲ್ಲ, ನೀರು ಮುಟ್ಟಲಿಲ್ಲ.

“ಆ ಪಟದಲ್ಲಿರಾದು ಇವಳ ತಲೆ ಅಲ್ಲ, ನಂದು. ಇವಳ ಬದ್ಲಿ ನಾನು ಬಂದಿದ್ದೆ. ಅವತ್ತೂ ಬಂದಿದ್ದೆ, ಅದಕ್ಕೆ ಮುಂಚೇನೂ ಬಂದಿದ್ದೆ.”

ಡಾಕ್ಟರ ಮುಖದ ನೆತ್ತರು ಇಳಿಯಿತು. ಜಯಶೀಲಳಿಗಾಗಿ ಅಲ್ಲ. ಮೊದಲು ಅವರ ಬಾಯಿಂದ ಬಂದದ್ದು, “ಹಾಗಾದರೆ ಗದ್ದೆಬಯಲಿಗೆ ಬೇರೆಯವರದ್ದು ಬೆರೆತಿದೆಯಾ?” ಎಂಬ ಮಾತು. ಆಮೇಲೆ, “ಎಷ್ಟು ಜನಕ್ಕೆ ಕೊಟ್ಟಿದ್ದೇವೆ ಗೊತ್ತಾ ನಿಮಗೆ? ಇದು ವಂಚನೆಯಮ್ಮ. ಕಲಬೆರಕೆ,” ಎಂದರು.

ಆಗ ಚಿಕ್ಕತಾಯಮ್ಮನಿಗೆ ಸಿಟ್ಟು ಬಂತು. ಬಹಳ ಕಾಲದಿಂದ ಒಳಗೇ ಕಾವು ಕೂತಿದ್ದ ಸಿಟ್ಟು, ಆದ್ದರಿಂದ ದನಿ ಏರಲಿಲ್ಲ. “ಕಲಬೆರಕೆ ಅಂದ್ರಾ? ಒಂದ್ಸಲ ಮುಖ ನೋಡಿದ್ರೆ ಗೊತ್ತಾಗಿರಾದು. ಅವಳಿಗೆ ಗಲ್ಲದ ಮೇಲೆ ಮಚ್ಚೆ ಅದೆ, ನನಗಿಲ್ಲ. ಅವಳಿಗಿಂತ ಇಪ್ಪತ್ತು ವರ್ಸ ದೊಡ್ಡವಳು ನಾನು. ನಿಮ್ಗೆ ತಲೆ ಬೇಕಿತ್ತು, ಮುಖ ಬೇಕಿರ್ನಿಲ್ಲ. ಈಗ ಇವಳ ತಲೆ ನೋಡಿ. ನೋಡಿ, ಆಮೇಲೆ ವಂಚನೆ ಯಾರ್ದು ಅಂತ ಹೇಳಿ.”

ರೋಹಿಣಿ ಜಯಶೀಲಳಿಗೆ ಪಟ್ಟಿ ಕಟ್ಟಿದಳು. ಗಾಜಿನ ಈಚೆ ಮೂವರೂ ನಿಂತು ನೋಡಿದರು. ಚಿತ್ರ ನಿಧಾನವಾಗಿ ತುಂಬಿಕೊಂಡಿತು. ನೋವು ಮೆಲುಕು ಹಾಕುವ ಜಾಗದಿಂದ ಕಾವಲು ಕಾಯುವ ಜಾಗಕ್ಕೆ ಕೆಂಪು ಗೆರೆ, ಹಗ್ಗದಷ್ಟು ದಪ್ಪ. ಜೊಂಪು ಹತ್ತುವ ಗುರುತು ಕಂಡೊಡನೆ ಆ ಗೆರೆ ಇನ್ನೂ ದಪ್ಪಗಾಗಿ ಉರಿಯಿತು, ಒಳಗೆ ಮಲಗಿದ್ದವಳು ಬೆಚ್ಚಿ ಎದ್ದು ಕೂತಳು. ಯಾರೂ ಗಂಟೆ ಬಾರಿಸಿರಲಿಲ್ಲ.

“ಸರ್, ನಾವು ದುಡ್ಡು ತಗೊಂಡು ವಾಸಿ ಮಾಡ್ತೀವಲ್ಲ, ಅವರ ಚಿತ್ರ ಹೀಗೇ ಇರುತ್ತೆ,” ಎಂದಳು ರೋಹಿಣಿ. “ನಾವೇ ಮಾಡಿದ್ದು ಇದು. ನಾನೇ ಗಂಟೆ ಒತ್ತಿದ್ದು.”

“ಇವಳ ಮೊದಲ್ನೇ ನಿದ್ದೆ ಎಲ್ಲದೆ, ಅದನ್ನ ಕೊಡಿ,” ಎಂದಳು ಚಿಕ್ಕತಾಯಮ್ಮ.

ಡಾಕ್ಟರು ಕುರ್ಚಿಯಲ್ಲಿ ಕೂತರು. ಮೊದಲಿನದು ಇರಲಿಲ್ಲ. ಜಾಗ ಉಳಿಸಲೆಂದು ಬಿಡಿ ದಾಖಲೆಗಳನ್ನು ಆಗಿಂದಾಗಲೇ ತೆಗೆದುಹಾಕುತ್ತಿದ್ದರು. ಉಳಿದದ್ದು ಸರಾಸರಿಯೊಂದೇ, ಗದ್ದೆಬಯಲು. ಅದರಲ್ಲಿ ಜಯಶೀಲಳ ನಿದ್ದೆಯೂ ಚಿಕ್ಕತಾಯಮ್ಮನ ನಿದ್ದೆಯೂ ಹಾಲಿಗೆ ನೀರು ಬೆರೆತ ಹಾಗೆ ಬೆರೆತುಹೋಗಿತ್ತು. ಯಾವುದು ಯಾರದೆಂದು ಇನ್ನು ಬಿಡಿಸಲು ಬರುವಂತಿರಲಿಲ್ಲ.

“ಅದನ್ನೇ ಕೊಡ್ತೀನಿ,” ಎಂದರು ಡಾಕ್ಟರು. “ಇವತ್ತೇ ಒಂದು ಪಟ್ಟಿ ಮನೆಗೆ ತಗೊಂಡು ಹೋಗಿ. ಜೀವನಪೂರ್ತಿ ನಮ್ಮ ಖರ್ಚು. ಒಂದೇ ಒಂದು ಮಾತು. ಇದು ಈ ಕೋಣೆ ದಾಟಬಾರದು. ಉಳಿದ ಹೆಂಗಸರು ಬರೋದು ನಿಲ್ಲಬಾರದು. ಮುಂದಿನ ತಂಡ ಸೋಮವಾರ ಶುರುವಾಗ್ತಾ ಇದೆ.”

“ಕಟ್ಕಂಡ್ರೆ ಇವಳು ಮಲಗ್ತಾಳಾ?”

ಡಾಕ್ಟರು ರೋಹಿಣಿಯ ಕಡೆ ನೋಡಿದರು. ಅವಳು ಸುಳ್ಳು ಹೇಳಲಿಲ್ಲ. “ಮಲಗಬಹುದು. ಪಟ್ಟಿ ಇರೋ ತನಕ. ಬಿಚ್ಚಿದರೆ ಮತ್ತೆ ಇದೇ.”

ಚಿಕ್ಕತಾಯಮ್ಮ ಜಯಶೀಲಳನ್ನು ಹೊರಗಿನ ಮೊಗಸಾಲೆಗೆ ಕರೆದುಕೊಂಡು ಬಂದಳು. ಸಿಟ್ಟು ತನ್ನದು, ನಿದ್ದೆ ಈ ಹುಡುಗಿಯದು. “ತಗಳ ಮಗ. ಮಾನ ಹೋದ್ರೆ ಹೋಗ್ಲಿ. ನೀನೊಂದು ಗಳಿಗೆ ಕಣ್ಣು ಮುಚ್ಚುದ್ರೆ ಸಾಕು ನನಗೆ.”

ಮೊಗಸಾಲೆಯ ಕಿಟಕಿಯಲ್ಲಿ ಮಧ್ಯಾಹ್ನದ ವ್ಯಾನು ಬಂದು ನಿಂತದ್ದು, ಹಸಿರಂಗಿಯವರು ಇಳಿದು ಸಾಲಾಗಿ ಒಳಗೆ ಹೋಗುತ್ತಿದ್ದದ್ದು ಕಾಣುತ್ತಿತ್ತು.

“ಅಕ್ಕ, ನನಗೆ ಕೊಡೋ ಪಟ್ಟಿ ಒಳಗಿರಾದು ನಂದೂ ನಿಂದೂ ಅಲ್ವಾ?”

“ಹೂಂ ಕನ.”

“ನಮ್ ನಿದ್ದೇನ ನಮಗೇ ಬಾಯಿ ಮುಚ್ಕಂಡಿರಕ್ಕೆ ಸಂಬಳ ಅಂತ ಕೊಡ್ತಾವ್ರೆ.” ಅವಳು ನಿಧಾನವಾಗಿ, ಮಾತುಗಳನ್ನು ಮರೆತವಳು ಹುಡುಕಿಕೊಳ್ಳುವಂತೆ ಹೇಳಿದಳು. “ನಾನು ಅದನ್ನ ಕಟ್ಕಂಡು ಮಲಗಿರ್ತೀನಿ, ಕೆಂಪಕ್ಕನ ಮಗಳು ಬಂದು ನನ್ನ ಮಂಚದಲ್ಲಿ ಬೆಚ್ಚಿಬೀಳ್ತಾ ಇರ್ತಾಳೆ. ಆ ನಿದ್ದೆ ನನಗೆ ಬ್ಯಾಡ. ಅವತ್ತು ಆ ಮೇಡಮ್ಮು ಓದಿದ್ರಲ್ಲ, ಬ್ಯಾಡ ಅಂದ್ರೆ ಅಳಿಸ್ಬೇಕು ಅಂತ.”

“ಅಳಿಸ್ಬುಟ್ರೆ ನಿನಗೂ ಇರಲ್ವಲ್ಲ ಮಗ.”

“ಈಗೇನು ಅದ್ಯಾ?”

ಒಳಗೆ ಹೋಗಿ ಜಯಶೀಲ ತಾನೇ ಪಟ್ಟಿ ಕಟ್ಟಿಕೊಂಡಳು. ಬೇಡ ಎಂದಳು. ಯಂತ್ರ ಗುರುತು ಹಿಡಿಯಿತು, ಆದರೆ ದಾಖಲೆಯ ಅರ್ಧ ಮಾತ್ರ ಈ ತಲೆಗೆ ಹೊಂದಿದ್ದರಿಂದ ಅಳಿಸಲಿಲ್ಲ. ಪರದೆಯ ಮೇಲೆ ಒಂದು ಸಾಲು ಮೂಡಿತು. ರೋಹಿಣಿ ಓದಿದಳು, “ಈ ದಾಖಲೆಯಲ್ಲಿ ಇನ್ನೊಬ್ಬರು ಇದ್ದಾರೆ. ಅವರ ಒಪ್ಪಿಗೆಯೂ ಬೇಕು.”

ಎಲ್ಲರೂ ಚಿಕ್ಕತಾಯಮ್ಮನ ಕಡೆ ತಿರುಗಿದರು. ಅಷ್ಟು ತಿಂಗಳುಗಳಲ್ಲಿ ಆ ನಿದ್ದೆಮನೆಯಲ್ಲಿ ಅವಳ ಮುಖವನ್ನು ಎಲ್ಲರೂ ಒಟ್ಟಿಗೆ ನೋಡಿದ್ದು ಅದೇ ಮೊದಲು.

ಇಂದುಶೇಖರ ಎದ್ದು ಬಂದರು. “ಅಮ್ಮಾ, ನೀವು ಸುಮ್ಮನಿದ್ದರೆ ಸಾಕು. ಅವಳು ತಿಳಿಯದೆ ಹೇಳ್ತಿದ್ದಾಳೆ, ಅದು ರೋಗದ ಮಾತು. ನೀವು ಹಿರಿಯರು. ಅವಳ ನಿದ್ದೆ ನಿಮ್ಮ ಕೈಯಲ್ಲಿದೆ.” ಆಮೇಲೆ ದನಿ ತಗ್ಗಿಸಿದರು. “ನನ್ನ ಹೆಂಡತಿ ತೀರಿಕೊಂಡ ಮೇಲೆ ನಾನು ಮಲಗಿರಲಿಲ್ಲ. ಸಾಯಬೇಕು ಅಂತ ಹೊರಟಿದ್ದೆ. ಗದ್ದೆಬಯಲಿನ ಮೊದಲನೇ ಪಟ್ಟಿ ಕಟ್ಟಿಕೊಂಡದ್ದು ನಾನೇ. ಅದಿಲ್ಲದೆ ನನಗೆ ಆಗಲ್ಲಮ್ಮ. ನನ್ನ ಹಾಗೆ ಸಾವಿರಾರು ಜನ ಇದ್ದಾರೆ.”

ಚಿಕ್ಕತಾಯಮ್ಮ ಆ ಮುಖವನ್ನು ಸರಿಯಾಗಿ ನೋಡಿದಳು. ಹೆಂಡತಿ ಸತ್ತ ಗಂಡಸಿನ ದುಃಖ ಸುಳ್ಳಲ್ಲ ಎಂದು ಅವಳಿಗೆ ಗೊತ್ತು. ಗಂಡನನ್ನು ಮಣ್ಣು ಮಾಡಿ ಬಂದು ತಾನೂ ಎಷ್ಟೋ ದಿನ ಗೋಡೆ ನೋಡುತ್ತ ಕೂತಿದ್ದವಳು. ಅವಳಿಗೆ ಯಾರೂ ಯಾರ ನಿದ್ದೆಯನ್ನೂ ಕಿತ್ತು ತಂದುಕೊಟ್ಟಿರಲಿಲ್ಲ. ಕನಿಕರ ಬಂತು. ಕನಿಕರ ಬಂದದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು. ದುಃಖ ಗೊತ್ತಿದ್ದ ಮನುಷ್ಯನೇ ಇದನ್ನು ಮಾಡಿದ್ದ. ಗೊತ್ತಿಲ್ಲದವನಾಗಿದ್ದರೆ ಒಂದು ಮಾತಿಗೆ ಬಿಡಬಹುದಿತ್ತು.

“ಸಾಮಿ,” ಎಂದಳು. “ಇವಳು ಒಳಗೆ ಮಲಗಿದ್ದಾಗ ಒಂದಿನ ಅತ್ತುಬುಟ್ಟು, ಸಾಕು ನನಗಾಗಲ್ಲ ಅಂದಿದ್ಲಂತೆ. ಈ ಮೇಡಮ್ಮು ಬಂದು ನಿಮ್ಗೆ ಹೇಳಿದ್ರಾ ಇಲ್ವಾ?”

ರೋಹಿಣಿ, “ಹೇಳಿದ್ದೆ,” ಎಂದಳು.

“ಏನಂದ್ರು?”

“ಇನ್ನೊಂದು ಸಲ ಮಾಡಿ, ಅಂಚು ಚೆನ್ನಾಗಿ ಬರ್ತಿದೆ ಅಂದರು.”

ಚಿಕ್ಕತಾಯಮ್ಮ ಪಟ್ಟಿಗಾಗಿ ಕೈ ಚಾಚಿದಳು. ಜಯಶೀಲ ತನ್ನ ತಲೆಯಿಂದ ಬಿಚ್ಚಿ, ದೊಡ್ಡವಳ ನರೆಗೂದಲನ್ನು ಹಿಂದಕ್ಕೆ ಸರಿಸಿ ತಾನೇ ಕಟ್ಟಿದಳು. ಅವಳ ಬೆರಳು ತಣ್ಣಗಿದ್ದವು. ಇನ್ನೊಂದು ಮಾತಿಗೆ ಈ ಹುಡುಗಿ ಮುಂದೆಂದಾದರೂ ಮಲಗಿಯಾಳು ಎಂಬ ಆಸೆಯೂ ಹೋಗುತ್ತದೆ ಎಂದು ಗೊತ್ತಿದ್ದೂ ಚಿಕ್ಕತಾಯಮ್ಮ ಹೇಳಿದಳು.

“ಬ್ಯಾಡ.”

ಪರದೆಯ ಮೇಲೆ ನೀಲಿ ಗೆರೆಗಳು ಒಂದೊಂದಾಗಿ ಆರಿದವು. ಎಲ್ಲೆಲ್ಲೋ ಪಟ್ಟಣಗಳಲ್ಲಿ, ದಿಂಬಿನ ಪಕ್ಕದಲ್ಲಿಟ್ಟಿದ್ದ ಪಟ್ಟಿಗಳೆಲ್ಲ ಬರಿಯ ಬಟ್ಟೆಯಾದವು. ಡಾಕ್ಟರು ಕಪ್ಪಾದ ಪರದೆಯ ಮುಂದೆ ನಿಂತೇ ಇದ್ದರು. ರೋಹಿಣಿ ತನ್ನ ಗುರುತಿನ ಬಿಲ್ಲೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಕೋಣೆಕೋಣೆಗೂ ಹೋಗಿ ದೀಪ ಹಾಕತೊಡಗಿದಳು. ಮಲಗಿದ್ದ ಹೆಂಗಸರು ಕಣ್ಣುಜ್ಜುತ್ತ ಹೊರಗೆ ಬಂದರು. ಏನಾಯಿತು ಎಂದು ಕೆಂಪದೇವಿ ಕೇಳಿದಳು. ರೋಹಿಣಿ ಅವಳನ್ನು ಪರದೆಯ ಮುಂದೆ ಕರೆದೊಯ್ದು ಜಯಶೀಲಳ ಕೆಂಪು ಗೆರೆಯ ಚಿತ್ರವನ್ನು ತೆರೆದು ತೋರಿಸಿದಳು. ಕೆಂಪದೇವಿ ಅದನ್ನು ನೋಡಿದಳು, ತನ್ನ ಹಸಿರಂಗಿಯ ಗುಂಡಿಗಳನ್ನು ಬಿಚ್ಚತೊಡಗಿದಳು.

ಓರಗಿತ್ತಿಯರಿಬ್ಬರೂ ವ್ಯಾನಿಗೆ ಕಾಯದೆ ಹೆದ್ದಾರಿಗೆ ನಡೆದು ಬಸ್ಸು ಹತ್ತಿದರು. ಬಸ್ಸು ತುಂಬಿತ್ತು. ಚಿಕ್ಕತಾಯಮ್ಮನ ಕಾಲು ಸೋತಿದ್ದವು. ಹೆಂಗಸರ ಸೀಟಿನಲ್ಲಿ ದಪ್ಪ ಗಂಡಸೊಬ್ಬ ಕೂತು, ಇವರು ಹತ್ತಿದ್ದನ್ನು ಕಂಡೊಡನೆ ಕಣ್ಣು ಮುಚ್ಚಿ ಕಿಟಕಿಗೆ ತಲೆ ಆನಿಸಿದ. ಗೊರಕೆಯನ್ನೂ ಹೊಡೆದ. ಸುತ್ತಲಿನವರು ಕಂಡೂ ಕಾಣದ ಹಾಗೆ ಇದ್ದರು.

ಜಯಶೀಲ ಅವನನ್ನೇ ನೋಡುತ್ತ ಒಂದಷ್ಟು ಹೊತ್ತು ನಿಂತಳು. ಆಮೇಲೆ ಮುಂದೆ ಸರಿದು ಅವನ ಭುಜ ಹಿಡಿದು ಅಲ್ಲಾಡಿಸಿದಳು.

“ಏಳಯ್ಯ ಮೇಲಕ್ಕೆ.”

ಅವನು ಕಣ್ಣು ಬಿಡಲಿಲ್ಲ.

“ಏಳು ಅಂದೆ. ನಿದ್ದೆ ಅಂದ್ರೆ ಹೆಂಗಿರ್ತದೆ ಅಂತ ನನ್ ಕೇಳು, ನಾನು ಅದರಲ್ಲಿ ಕೂಲಿ ಮಾಡಿ ಬಂದವಳು. ಜೊಂಪು ಹತ್ತಿದವನ ಕೈ ಚೀಲವ ಹಿಂಗೆ ಬಿಗಿಯಾಗಿ ಹಿಡ್ಕಂಡಿರಲ್ಲ. ನಿಮ್ಮಪ್ಪನ ಮನೆ ಜಗುಲಿ ಅಂದ್ಕಂಡಿದ್ದೀಯಾ ಇದನ್ನ? ದೊಡ್ಡವ್ರು ನಿಂತವ್ರೆ, ಕಾಣ್ನಿಲ್ವಾ? ಕಂಡ್ತು, ಕಂಡೇ ಕಣ್ಣು ಮುಚ್ಚುದ್ದು ನೀನು.”

ದನಿ ಏರುತ್ತ ಹೋಯಿತು. ಕಂಡಕ್ಟರು ತಿರುಗಿ ನೋಡಿದ. ಆ ಗಂಡಸು ತಡಬಡಿಸಿ ಎದ್ದು, ಚೀಲ ಎದೆಗವಚಿಕೊಂಡು ಹಿಂದಕ್ಕೆ ಹೋದ. ಜಯಶೀಲ ಬಿಡಲಿಲ್ಲ. ಅವನ ಬೆನ್ನಿಗೂ ಬೈದಳು, ನೋಡಿ ಸುಮ್ಮನಿದ್ದವರಿಗೂ ಬೈದಳು, ಬೈಯುತ್ತ ಬೈಯುತ್ತ ಅವಳ ಕೆನ್ನೆಗೆ ರಂಗು ಬಂತು.

ಚಿಕ್ಕತಾಯಮ್ಮ ಖಾಲಿಯಾದ ಸೀಟಿನಲ್ಲಿ ಕೂತಳು. ಸಾಕು ಬಿಡು ಅಂತ ಅನ್ನಲಿಲ್ಲ. ತೊರೆಹುಂಡಿ ಬರುವ ತನಕ ಅವಳು ಬೈಯಲಿ ಅಂತ ಕೇಳುತ್ತ ಕೂತಳು.